ಸ್ಟಾರ್ಟರ್ ಇದ್ದ ಮೇಲೂ ಐಸೋಲೇಟರ್ ಯಾಕೆ?

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ಹಲ್ಲಿಂಗ್ (ಸಿಪ್ಪೆ ಸುಲಿಯುವ) ಘಟಕ ಇದೆ. 20 ಎಚ್‌ಪಿ ಹಲ್ಲರ್, ಎರಡು ಬಕೆಟ್ ಎಲಿವೇಟರ್, ಕಲ್ಲು ತೆಗೆಯುವ ಡಿಸ್ಟೋನರ್, ಗ್ರೇಡರ್. ಪ್ಯಾನೆಲ್ ಪಕ್ಕದ ಕೋಣೆಯಲ್ಲಿದೆ, ಪ್ರತಿ ಮೋಟಾರಿಗೂ ಎಂಸಿಸಿಬಿ (ತಾನೇ ಟ್ರಿಪ್ ಆಗುವ ದೊಡ್ಡ ಬ್ರೇಕರ್) ಮತ್ತು ಸ್ಟಾರ್ಟರ್ ಇದೆ. ಡಿಜಿಯೂ (ಡೀಸೆಲ್ ಜನರೇಟರ್) ಇದೆ. ತೋಟದ ಕೆರೆಯಲ್ಲಿ 15 ಎಚ್‌ಪಿ ಪಂಪ್ ಬೇರೆ. ಈಗ ಹೊಸ ಎಲೆಕ್ಟ್ರಿಷಿಯನ್ ಬಂದು ಪ್ರತಿ ಯಂತ್ರದ ಪಕ್ಕ ಒಂದೊಂದು ಐಸೋಲೇಟರ್ ಹಾಕಿಸಿ ಅಂತಾರೆ. ಇದು ಸುಮ್ನೆ ಖರ್ಚಲ್ವಾ? ಹಾಕಿಸಲೇಬೇಕಾದರೆ ಎಂಥದ್ದು ತರಬೇಕು? ಇನ್ನೊಂದು ವಿಷಯ, ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಸ್ವಿಚ್ಚನ್ನು ತುರ್ತಿನಲ್ಲಿ ನಾವೇ ಇಳಿಸಬಹುದಾ?

ಉತ್ತರ: ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ. ಐಸೋಲೇಟರ್ ಅಂದರೆ ಯಂತ್ರಕ್ಕೆ ಬರುವ ಕರೆಂಟನ್ನು ಪೂರ್ತಿ ಬೇರೆ ಮಾಡಿಡುವ ಕೈ ಸ್ವಿಚ್ಚು. ಆದರೆ "ಪ್ರತಿ ಯಂತ್ರಕ್ಕೂ" ಅನ್ನುವುದನ್ನು ಸ್ವಲ್ಪ ಸಡಿಲ ಮಾಡಬಹುದು, ಯಾವುದಕ್ಕೆ ಮೊದಲು ಅಂತ ಮುಂದೆ ಹೇಳುತ್ತೇನೆ. ಕೊನೆಯ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ: ಬೇಡ. ಟಿಸಿ ಸ್ವಿಚ್ಚಿಗೆ ಕೈ ಹಾಕಬೇಡಿ.

ಮೊದಲು ಸ್ಟಾರ್ಟರ್ ವಿಷಯ. ಕೆಂಪು ಬಟನ್ ಒತ್ತಿದಾಗ ನೀವು ಮೋಟಾರಿನ ಕರೆಂಟನ್ನು ನೇರವಾಗಿ ಕಡಿಯುತ್ತಿಲ್ಲ. ಸ್ಟಾರ್ಟರಿನೊಳಗೆ ಕಾಯಿಲಿನಿಂದ ಎಳೆದುಕೊಳ್ಳುವ ಸ್ವಿಚ್ಚು ಒಂದಿದೆ, ಅದೇ ಕಾಂಟ್ಯಾಕ್ಟರ್; ಅದರ ಕಾಯಿಲಿಗೆ ಹೋಗುವ ಸಣ್ಣ ಕರೆಂಟ್ ಮಾತ್ರ ಕಡಿಯುತ್ತದೆ, ಕಾಯಿಲ್ ಬಿಟ್ಟಾಗ ಸ್ಪ್ರಿಂಗ್ ಎಳೆದು ಕಾಂಟ್ಯಾಕ್ಟುಗಳನ್ನು ಬೇರೆ ಮಾಡುತ್ತದೆ. ದಿನಕ್ಕೆ ಹತ್ತಾರು ಸಲ ಆನ್ ಆಫ್ ಮಾಡಲು ಇದು ಒಳ್ಳೆಯ ವ್ಯವಸ್ಥೆ. ಯಂತ್ರದೊಳಗೆ ಕೈ ಇಡಲು ಮಾತ್ರ ಇದನ್ನು ನಂಬುವ ಹಾಗಿಲ್ಲ. ಹಳೆಯ ಕಾಂಟ್ಯಾಕ್ಟರಿನಲ್ಲಿ ಒಂದು ಫೇಸಿನ ಕಾಂಟ್ಯಾಕ್ಟ್ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿರಬಹುದು. ಮೋಟಾರು ನಿಂತಿರುತ್ತದೆ, ಟರ್ಮಿನಲ್ಲಿನಲ್ಲಿ ಕರೆಂಟ್ ಇರುತ್ತದೆ. ಕಂಟ್ರೋಲ್ ವೈರಿಂಗ್‌ನಲ್ಲಿ ತೇವ ಹೊಕ್ಕು ಕಾಯಿಲಿಗೆ ಸಪ್ಲೈ ಸಿಕ್ಕಿದರೂ ಮೋಟಾರು ತಾನಾಗಿ ಹೊರಡಬಹುದು. ನಮ್ಮ ಮಳೆಗಾಲದಲ್ಲಿ ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ನೀರು ಬೆವರಿದ ಹಾಗೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ.

ಇದೆಲ್ಲ ಅಪರೂಪ ಅನ್ನಿಸಿದರೆ ದಿನನಿತ್ಯದ್ದು ಕೇಳಿ. ಹಲ್ಲರಿನಲ್ಲಿ ಸಿಪ್ಪೆ ಕಟ್ಟಿಕೊಂಡಿತು, ಒಬ್ಬ ಆಫ್ ಮಾಡಿ ಕವರ್ ಬಿಚ್ಚಿ ಕೈ ಹಾಕಿದ. ಪ್ಯಾನೆಲ್ ಇರುವುದು ಪಕ್ಕದ ಕೋಣೆಯಲ್ಲಿ. ಅಲ್ಲಿದ್ದವನಿಗೆ ಇವನು ಕಾಣುವುದಿಲ್ಲ. ಯಾರೋ "ಹಲ್ಲರ್ ಯಾಕೆ ನಿಂತಿದೆ" ಅಂತ ಕೂಗಿದರೆ ಅವನು ಹಸಿರು ಬಟನ್ ಒತ್ತಿಬಿಡುತ್ತಾನೆ. ಅಥವಾ ಕರೆಂಟ್ ಹೋದ ಹೊತ್ತಿನಲ್ಲಿ, ಹೇಗೂ ಕರೆಂಟಿಲ್ಲ ಅಂತ ಬೆಲ್ಟ್ ಸರಿಮಾಡಲು ಕೂತಿರುತ್ತಾರೆ. ಕೊಡಗಿನಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ, ವಾಪಸ್ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಸಾಮಾನ್ಯ ಸ್ಟಾರ್ಟರ್ ಆದರೆ ಕರೆಂಟ್ ಹೋದಾಗ ಬಿಟ್ಟುಕೊಳ್ಳುತ್ತದೆ, ಮತ್ತೆ ಬಟನ್ ಒತ್ತುವ ತನಕ ಸುಮ್ಮನಿರುತ್ತದೆ. ಆಟೋ ಸ್ಟಾರ್ಟರ್ ಹಾಕಿದ್ದರೆ ಕರೆಂಟ್ ಬಂದ ಕೂಡಲೇ ತಾನೇ ಹೊರಡುತ್ತದೆ. ನಿಮ್ಮ ಕೆರೆ ಪಂಪಿಗೆ ಬಹುಶಃ ಆಟೋ ಸ್ಟಾರ್ಟರೇ ಇರಬೇಕು, ಅಲ್ವಾ?

ಐಸೋಲೇಟರ್ ಇರುವುದು ಇದಕ್ಕೇ. ಎಲ್ಲ ಫೇಸುಗಳನ್ನೂ ಒಟ್ಟಿಗೆ ಕಡಿದು, ನಡುವೆ ಖಚಿತವಾದ ಗಾಳಿಯ ಅಂತರ ಕೊಡುತ್ತದೆ. ಒಳ್ಳೆಯ ಐಸೋಲೇಟರಿನಲ್ಲಿ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೆ ಹಿಡಿ ಆಫ್ ಜಾಗಕ್ಕೆ ಬರುವುದೇ ಇಲ್ಲ, ಬೀಗವೂ ಬೀಳುವುದಿಲ್ಲ. ಅಂದರೆ ಹಿಡಿ ಆಫ್ ತೋರಿಸಿದರೆ ಒಳಗೂ ಆಫ್. ಸಾಮಾನ್ಯ ಸ್ವಿಚ್ಚುಗಳಲ್ಲಿ ಈ ಭರವಸೆ ಸಿಗುವುದಿಲ್ಲ. ಇನ್ನೊಂದು, ಹಿಡಿಗೆ ಬೀಗ ಹಾಕಲು ತೂತು ಇರುತ್ತದೆ. ತೂತಿಲ್ಲದ ಐಸೋಲೇಟರನ್ನು ಯಂತ್ರದ ಪಕ್ಕ ಹಾಕಿಸುವುದು ಅರ್ಧ ದುಡ್ಡು ನೀರಿಗೆ ಹಾಕಿದಂತೆ. ಆಫ್‌ನಿಂದ ಆಕಸ್ಮಿಕವಾಗಿ ಆನ್ ಆಗಬಹುದಾದ ಸ್ವಿಚ್ಚಿಗೆ ಬೀಗ ಹಾಕುವ ವ್ಯವಸ್ಥೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇತ್ತು, ಇದು ಹೊಸ ಫ್ಯಾಷನ್ ಅಲ್ಲ.

ಐಸೋಲೇಟರ್ ಏನು ಮಾಡುವುದಿಲ್ಲ ಅನ್ನುವುದೂ ಗೊತ್ತಿರಲಿ. ಅದು ಟ್ರಿಪ್ ಆಗುವುದಿಲ್ಲ. ಓವರ್‌ಲೋಡ್ ಆಗಲಿ, ಶಾರ್ಟ್ ಸರ್ಕ್ಯೂಟ್ ಆಗಲಿ, ಅದಕ್ಕೆ ಸಂಬಂಧವಿಲ್ಲ. ತೋಟದ ಗೇಟಿನ ಹಾಗೆ, ಮುಚ್ಚಿದರೆ ದಾರಿ ಬಂದ್, ತೆರೆದಿದ್ದಾಗ ಯಾರು ಬಂದರು ಹೋದರು ಅಂತ ನೋಡುವುದಿಲ್ಲ. ಗೊಂದಲ ಜಾಸ್ತಿ ಆಗುವುದು ಡಿಬಿಯೊಳಗೆ (ಎಂಸಿಬಿಗಳನ್ನು ಕೂರಿಸುವ ಡಬ್ಬ) ರೈಲಿನ ಮೇಲೆ ಕೂರುವ ಸಣ್ಣ ಐಸೋಲೇಟರಿನಲ್ಲಿ. ನೋಡಲು ಎಂಸಿಬಿಯ ಹಾಗೇ ಇರುತ್ತದೆ, 40 ಅಥವಾ 63 ಆಂಪಿಯರ್ ಅಂತ ಬರೆದಿರುತ್ತದೆ. ಅದನ್ನು ನೋಡಿ 63 ಆಂಪಿಯರ್ ದಾಟಿದರೆ ಟ್ರಿಪ್ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ, ಸುಡುತ್ತದೆ. ಎಷ್ಟೋ ಮನೆಗಳಲ್ಲಿ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಎಂಸಿಬಿ ಇರಬೇಕಾದ ಜಾಗದಲ್ಲಿ ಇದು ಕೂತಿರುತ್ತದೆ. ಐಸೋಲೇಟರಿಗೆ ಮೇಲಿನಿಂದ ಒಂದು ಫ್ಯೂಸ್ ಅಥವಾ ಎಂಸಿಸಿಬಿ ರಕ್ಷಣೆ ಇರಲೇಬೇಕು. ನಿಮ್ಮಲ್ಲಿ ಅದು ಪ್ಯಾನೆಲ್ಲಿನಲ್ಲೇ ಇದೆ, ಚಿಂತೆ ಇಲ್ಲ.

"ಹಾಗಾದರೆ ಪ್ಯಾನೆಲ್ಲಿನ ಎಂಸಿಸಿಬಿಯನ್ನೇ ಆಫ್ ಮಾಡಿ ಬೀಗ ಹಾಕಿದರೆ ಸಾಲದಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಸಿಸಿಬಿಯ ಮುಖದ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ, ತೆರೆದ ಸ್ವಿಚ್ಚಿನ ಓರೆ ಗೆರೆ, ಅದರ ತುದಿ ಮುಟ್ಟುವ ಜಾಗದಲ್ಲಿ ಗುಣಾಕಾರದ ಚಿಹ್ನೆ, ಜೊತೆಗೆ ಒಂದು ಪುಟ್ಟ ಅಡ್ಡಗೆರೆ. ಆ ಅಡ್ಡಗೆರೆ ಇದ್ದರೆ ಅದು ಐಸೋಲೇಷನ್‌ಗೂ ಯೋಗ್ಯ ಅಂತ ಅರ್ಥ. ಬೀಗ ಹಾಕುವ ಹಿಡಿಯೂ ಇದ್ದರೆ ತಾಂತ್ರಿಕವಾಗಿ ಸಾಕು. ಆದರೆ ಜನ ಏನು ಮಾಡುತ್ತಾರೆ ಅಂತ ನೋಡಬೇಕು. ಸಿಪ್ಪೆ ತೆಗೆಯುವುದು ಎರಡು ನಿಮಿಷದ ಕೆಲಸ. ಅದಕ್ಕಾಗಿ ಪಕ್ಕದ ಕೋಣೆಗೆ ಹೋಗಿ, ಹತ್ತು ಎಂಸಿಸಿಬಿಗಳಲ್ಲಿ ಸರಿಯಾದದ್ದು ಹುಡುಕಿ, ಬೀಗ ಹಾಕಿ ಬರುವವರು ಯಾರು? ಕೈಗೆ ಸಿಗುವ ಜಾಗದಲ್ಲಿ ಇದ್ದರೆ ಮಾತ್ರ ಬಳಸುತ್ತಾರೆ. ನಿಮ್ಮ ಪ್ಯಾನೆಲ್ ಹಲ್ಲರಿನ ಎದುರೇ ಇದ್ದಿದ್ದರೆ ನಾನು ಐಸೋಲೇಟರ್ ಬೇಡ, ಎಂಸಿಸಿಬಿಗೆ ಒಳ್ಳೆಯ ಹಿಡಿ ಹಾಕಿಸಿ ಅನ್ನುತ್ತಿದ್ದೆ.

ಈಗ ಕೊಳ್ಳುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಅಂಗಡಿಯಲ್ಲಿ ಮೋಸ ಹೋಗುವುದು ಇಲ್ಲೇ.

ಐಸೋಲೇಟರಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಆಂಪಿಯರ್ ನೋಡಿ ಕೊಳ್ಳಬೇಡಿ. ಪಕ್ಕದಲ್ಲಿ ಚಿಕ್ಕ ಅಕ್ಷರದ ಪಟ್ಟಿ ಇರುತ್ತದೆ, ಎಸಿ-20, ಎಸಿ-21, ಎಸಿ-22, ಎಸಿ-23 ಅಂತ. ಇವು ಐಎಸ್/ಐಇಸಿ 60947-3 ಅನ್ನುವ ಸ್ಟ್ಯಾಂಡರ್ಡಿನ ವರ್ಗಗಳು. ಎಸಿ-20 ಅಂದರೆ ಲೋಡ್ ಇಲ್ಲದಾಗ ಮಾತ್ರ ತೆರೆಯಬಹುದು. ಎಸಿ-21 ಹೀಟರಿನಂಥ ಲೋಡಿಗೆ, ಎಸಿ-22 ಮಿಶ್ರ ಲೋಡಿಗೆ. ಮೋಟಾರಿಗೆ ಬೇಕಾದ್ದು ಎಸಿ-23. ವ್ಯತ್ಯಾಸ ಸಣ್ಣದಲ್ಲ. ಪರೀಕ್ಷೆಯಲ್ಲಿ ಎಸಿ-21 ಸ್ವಿಚ್ಚು ತನ್ನ ರೇಟಿಂಗಿನ ಒಂದೂವರೆ ಪಟ್ಟು ಕರೆಂಟ್ ಕಡಿದರೆ ಪಾಸ್. ಎಸಿ-23 ಆದರೆ ಎಂಟು ಪಟ್ಟು ಕಡಿಯಬೇಕು, ಹತ್ತು ಪಟ್ಟು ಕರೆಂಟಿನ ಮೇಲೆ ಆನ್ ಆಗಿಯೂ ಬದುಕಬೇಕು. ಯಾಕೆ ಅಷ್ಟು? ನಿಮ್ಮ 20 ಎಚ್‌ಪಿ ಮೋಟಾರು ಓಡುವಾಗ ಸುಮಾರು 28 ಆಂಪಿಯರ್ ತೆಗೆದುಕೊಳ್ಳುತ್ತದೆ. ಅದೇ ಮೋಟಾರು ಸಿಪ್ಪೆ ಕಚ್ಚಿ ಸಿಕ್ಕಿಹಾಕಿಕೊಂಡರೆ ಆರೇಳು ಪಟ್ಟು ಎಳೆಯುತ್ತದೆ, ಅಂದರೆ 170ರಿಂದ 200 ಆಂಪಿಯರ್. ಗಾಬರಿಯಲ್ಲಿ ಯಾರಾದರೂ ಹಿಡಿ ತಿರುಗಿಸುವುದು ಆ ಹೊತ್ತಿನಲ್ಲೇ. ಎಸಿ-20 ಅಥವಾ ಎಸಿ-21 ಸ್ವಿಚ್ಚನ್ನು ಆಗ ತೆರೆದರೆ ಒಳಗಿನ ಆರ್ಕ್ (ಕಾಂಟ್ಯಾಕ್ಟುಗಳ ನಡುವೆ ಹೊತ್ತುವ ಕಿಡಿ) ಆರುವುದಿಲ್ಲ, ಡಬ್ಬವೇ ಸಿಡಿಯಬಹುದು.

ಒಂದೇ ಸ್ವಿಚ್ಚಿಗೆ ಎಸಿ-21ರಲ್ಲಿ 40 ಆಂಪಿಯರ್ ಅಂತಲೂ ಎಸಿ-23ರಲ್ಲಿ ಅದಕ್ಕಿಂತ ಕಡಿಮೆ ಅಂತಲೂ ಇರಬಹುದು. ಮೋಟಾರಿಗೆ ಎಸಿ-23ರ ಸಾಲು ಮಾತ್ರ ಲೆಕ್ಕ. ಅದರ ಪಕ್ಕ ಕಿಲೋವ್ಯಾಟ್ ಕೂಡ ಕೊಟ್ಟಿರುತ್ತಾರೆ. 20 ಎಚ್‌ಪಿ ಅಂದರೆ 15 ಕಿಲೋವ್ಯಾಟ್, 15 ಎಚ್‌ಪಿ ಅಂದರೆ 11. 415 ವೋಲ್ಟಿನ ಸಾಲಿನಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತನ್ನಿ. ಅಂಗಡಿಯವನಿಗೆ "ಮೋಟಾರಿಗೆ, ಎಸಿ-23, ಬೀಗ ಹಾಕುವ ಹಿಡಿ, ಡಬ್ಬ ಸಮೇತ" ಅಂತ ಹೇಳಿ. ಅರ್ಥವಾಗದ ಮುಖ ಮಾಡಿದರೆ ಬೇರೆ ಅಂಗಡಿ ನೋಡಿ.

ಇದಕ್ಕಿಂತ ದೊಡ್ಡ ಗುಂಡಿ ಸ್ಟಾರ್-ಡೆಲ್ಟಾ. ನಿಮ್ಮ ಹಲ್ಲರಿಗೆ ಬಹುಶಃ ಸ್ಟಾರ್-ಡೆಲ್ಟಾ ಸ್ಟಾರ್ಟರೇ ಇರಬೇಕು, ಅಂದರೆ ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಹೊರಡಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವಂಥದ್ದು. ಹಾಗಿದ್ದರೆ ಮೋಟಾರಿನ ಡಬ್ಬ ತೆರೆದಾಗ ಪ್ಯಾನೆಲ್ಲಿನಿಂದ ಬಂದ ಆರು ವೈರು ಕಾಣುತ್ತವೆ. ಮೂರಲ್ಲ, ಆರು. ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ತ್ರೀ ಪೋಲ್ (ಮೂರು ವೈರು ಕಡಿಯುವ) ಐಸೋಲೇಟರ್ ತಂದು ಮೂರು ವೈರಿಗೆ ಮಾತ್ರ ಹಾಕಿದರೆ ಉಳಿದ ಮೂರು ಜೀವಂತ. ಹಿಡಿ ಆಫ್ ಅಂತ ತೋರಿಸುತ್ತದೆ, ಬೀಗವೂ ಬಿದ್ದಿದೆ, ಟರ್ಮಿನಲ್ಲಿನಲ್ಲಿ 415 ವೋಲ್ಟ್ ಕೂತಿದೆ. ಐಸೋಲೇಟರ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ಇಲ್ಲಿ ಜನ ನಂಬುತ್ತಾರೆ. ಇಂಥ ಕಡೆ ಆರು ಪೋಲಿನ ಐಸೋಲೇಟರ್ ಬೇಕು. ಇಲ್ಲದಿದ್ದರೆ ಸ್ಟಾರ್ಟರನ್ನೇ ಯಂತ್ರದ ಪಕ್ಕಕ್ಕೆ ತಂದು, ಅದರ ಮುಂಚೆ ತ್ರೀ ಪೋಲ್ ಹಾಕಬಹುದು. ನನ್ನ ಒಲವು ಆರು ಪೋಲಿನ ಕಡೆ, ಸ್ಟಾರ್ಟರನ್ನು ಸಿಪ್ಪೆಯ ಧೂಳಿಗೆ ತಂದು ನಿಲ್ಲಿಸುವುದು ನನಗಿಷ್ಟವಿಲ್ಲ.

ಆರು ಪೋಲಿನದು ತಂದರೆ ಅದರಲ್ಲಿ ಒಂದು ಆಕ್ಸಿಲರಿ ಕಾಂಟ್ಯಾಕ್ಟ್ (ಹಿಡಿಯ ಜೊತೆಗೇ ತೆರೆದು ಮುಚ್ಚುವ ಸಣ್ಣ ಕಾಂಟ್ಯಾಕ್ಟ್) ಇರಲಿ, ಅದನ್ನು ಸ್ಟಾರ್ಟರಿನ ಕಾಯಿಲ್ ಸಾಲಿಗೆ ಸೇರಿಸಿ. ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಮೋಟಾರು ಓಡುವಾಗ ಯಾರೋ ಐಸೋಲೇಟರ್ ಆಫ್ ಮಾಡುತ್ತಾರೆ, ಪ್ಯಾನೆಲ್ಲಿನಲ್ಲಿ ಸ್ಟಾರ್ಟರ್ ಇನ್ನೂ ಡೆಲ್ಟಾದಲ್ಲೇ ಹಿಡಿದುಕೊಂಡಿರುತ್ತದೆ, ಆಮೇಲೆ ಐಸೋಲೇಟರ್ ಹಾಕಿದ ಕೂಡಲೇ ಮೋಟಾರು ನೇರ ಡೆಲ್ಟಾದಲ್ಲಿ ಹೊರಡುತ್ತದೆ. ಆಕ್ಸಿಲರಿ ಇದ್ದರೆ ಐಸೋಲೇಟರ್ ತೆಗೆದಾಗ ಸ್ಟಾರ್ಟರೂ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತಲೇಬೇಕು. ಗ್ರೇಡರಿಗೆ ಡ್ರೈವ್ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿದ್ದರೂ ಇದೇ ಮಾತು: ಓಡುವಾಗ ಡ್ರೈವ್ ಮತ್ತು ಮೋಟಾರಿನ ನಡುವೆ ಕಡಿದರೆ ಡ್ರೈವ್ ಹಾಳಾಗಬಹುದು. ಡ್ರೈವಿನೊಳಗೆ ಆಫ್ ಮಾಡಿದ ಮೇಲೂ ಸುಮಾರು 580 ವೋಲ್ಟ್ ಡಿಸಿ ತುಂಬಿರುತ್ತದೆ, ಅದು ಇಳಿಯಲು ಕೆಲವು ನಿಮಿಷ ಬೇಕು. ಎಷ್ಟು ಹೊತ್ತು ಕಾಯಬೇಕು ಅಂತ ಅದರ ಮೈಮೇಲೇ ಬರೆದಿರುತ್ತದೆ. ಪವರ್ ಫ್ಯಾಕ್ಟರ್ ಕೆಪಾಸಿಟರಿಗೂ ಇದೇ ಎಚ್ಚರ.

ಹಿಡಿಯ ಬಣ್ಣದ ಬಗ್ಗೆ ಒಂದು ಮಾತು. ಹಳದಿ ಮೇಲೆ ಕೆಂಪು ಹಿಡಿ ಇದ್ದರೆ ಅದು ತುರ್ತು ಸ್ವಿಚ್ಚೂ ಹೌದು ಅಂತ ಅರ್ಥ. ಬರೀ ರಿಪೇರಿಗೆ ಅಂತ ಹಾಕುವುದಾದರೆ ಕಪ್ಪು ಅಥವಾ ಬೂದು ಹಿಡಿ. ಹಲ್ಲರಿಗೆ ನಾನು ಕೆಂಪೇ ಹಾಕಿಸುತ್ತೇನೆ.

ತಂದು ಹಾಕಿದರೆ ಕೆಲಸ ಮುಗಿಯಿತು ಅಂತಲ್ಲ, ಬಳಸುವ ಕ್ರಮ ಇದೆ. ಮೊದಲು ಸ್ಟಾಪ್ ಬಟನ್ ಒತ್ತಿ ಯಂತ್ರ ನಿಲ್ಲಿಸಿ. ಲೋಡ್ ಕಡಿಯುವುದು ಕಾಂಟ್ಯಾಕ್ಟರಿನ ಕೆಲಸ, ಐಸೋಲೇಟರಿಗೆ ಅದನ್ನು ದಿನಾ ಮಾಡಿಸಬೇಡಿ. ಆಮೇಲೆ ಹಿಡಿ ಆಫ್, ಬೀಗ, ಬೀಗದ ಕೈ ಕೆಲಸ ಮಾಡುವವನ ಜೇಬಿಗೆ. ತೋಟದ ರೈಟರ (ಲೆಕ್ಕ ಬರೆಯುವವರ) ಹತ್ತಿರ ಅಲ್ಲ, ಆಫೀಸಿನ ಮೊಳೆಗೆ ಅಲ್ಲ. ಇಬ್ಬರು ಕೆಲಸ ಮಾಡಿದರೆ ಎರಡು ಬೀಗ. ಒಂದೇ ತೂತಿಗೆ ಹಲವು ಬೀಗ ಹಾಕುವ ಕಬ್ಬಿಣದ ಕೊಂಡಿ ಸಿಗುತ್ತದೆ, ತರಿಸಿಡಿ. ಒಂದು ಫಲಕವೂ ತೂಗಿ. ಈಗ ಅಸ್ಸಾಂ ಕಡೆಯಿಂದ ಬಂದು ಕೆಲಸ ಮಾಡುವವರು ನಮ್ಮಲ್ಲಿ ಜಾಸ್ತಿ, ಬರೀ ಕನ್ನಡದಲ್ಲಿ ಬರೆದರೆ ಸಾಲದು, ಕೈಯ ಚಿತ್ರ ಹಾಕಿ. ಬೀಗ ಬಿದ್ದ ಮೇಲೆ ಒಮ್ಮೆ ಹಸಿರು ಬಟನ್ ಒತ್ತಿ ನೋಡಿ, ಯಂತ್ರ ಹೊರಡಬಾರದು. ಅಕ್ಕಪಕ್ಕದ ಯಂತ್ರಗಳ ಐಸೋಲೇಟರ್ ಅದಲು ಬದಲಾಗಿ ಬೀಗ ಹಾಕಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ವೈರು ಮುಟ್ಟುವ ಕೆಲಸವಾದರೆ ಎಲೆಕ್ಟ್ರಿಷಿಯನ್ ಮೀಟರಿನಲ್ಲಿ ನೋಡಲೇಬೇಕು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೀಟರ್ ಇಟ್ಟು ಅದು ಸರಿ ಇದೆಯಾ ಅಂತ ನೋಡುವುದು, ಆಮೇಲೆ ಇಲ್ಲಿ ಫೇಸು ಫೇಸಿನ ನಡುವೆ ಮತ್ತು ಫೇಸು ಅರ್ತಿನ ನಡುವೆ, ಕೊನೆಗೆ ಮತ್ತೆ ಗೊತ್ತಿರುವ ಕಡೆ. ಜೇಬಿನ ಟೆಸ್ಟರ್ ಲೆಕ್ಕಕ್ಕಿಲ್ಲ. ಒಣ ಹಲಗೆ ಮೇಲೆ ದಪ್ಪ ಬೂಟು ಹಾಕಿ ನಿಂತರೆ ಕರೆಂಟ್ ಇದ್ದರೂ ಅದು ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ.

ಕರೆಂಟ್ ಕಡಿದ ಮಾತ್ರಕ್ಕೆ ಯಂತ್ರ ಸತ್ತಿತು ಅಂತಲೂ ಅಲ್ಲ. ಬಕೆಟ್ ಎಲಿವೇಟರಿನ ಒಂದು ಬದಿಯ ಬಕೆಟ್‌ಗಳಲ್ಲಿ ಕಾಫಿ ತುಂಬಿರುತ್ತದೆ, ಇನ್ನೊಂದು ಬದಿ ಖಾಲಿ. ಬೆಲ್ಟ್ ಸಡಿಲ ಮಾಡಿದ ಕೂಡಲೇ ತುಂಬಿದ ಬದಿ ಕೆಳಗೆ ಓಡುತ್ತದೆ, ಕೈ ಅಲ್ಲಿದ್ದರೆ ಕಥೆ ಬೇರೆ. ಖಾಲಿ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಬೆಲ್ಟಿಗೆ ಅಡ್ಡ ಕೊಟ್ಟು ಹಿಡಿಸಿ. ಹಲ್ಲರಿನ ಭಾರದ ಸಿಲಿಂಡರ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಸುತ್ತುತ್ತದೆ. ಮುಂದೆ ಯಾವಾಗಲಾದರೂ ಬಣ್ಣ ನೋಡಿ ಬೀಜ ಆರಿಸುವ ಯಂತ್ರ ತಂದರೆ ಅದರ ಗಾಳಿ ಲೈನಿಗೂ ಒಂದು ಬೀಗದ ವಾಲ್ವ್ ಬೇಕು.

ಇನ್ನು ನೀವು ಕೇಳದೇ ಬಿಟ್ಟ ವಿಷಯ, ಡಿಜಿ. ಲೈನಿನಿಂದ ಡಿಜಿಗೆ ಬದಲಿಸುವ ನಿಮ್ಮ ಚೇಂಜ್ ಓವರ್ ಸ್ವಿಚ್ಚು ಕೂಡ ಒಂದು ಐಸೋಲೇಟರೇ, ಅದೂ ಬೇರೆಯವರ ಜೀವ ಕಾಯುವಂಥದ್ದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕೆಲವು ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಊರೆಲ್ಲ ಡಿಜಿ ಓಡುತ್ತಿರುತ್ತದೆ. ಆಗ ನಿಮ್ಮ ಡಿಜಿಯ 415 ವೋಲ್ಟ್ ಚೆಸ್ಕಾಂ ಲೈನಿಗೆ ಹಿಂದಕ್ಕೆ ಹೋದರೆ, ಟಿಸಿ ಅದನ್ನು ಉಲ್ಟಾ ಏರಿಸಿ 11,000 ವೋಲ್ಟ್ ಮಾಡುತ್ತದೆ. ಆ ಲೈನಿನ ಮೇಲೆ ಕೊಂಬೆ ಕಡಿಯುತ್ತಾ ಲೈನ್‌ಮ್ಯಾನ್ ಇರುತ್ತಾನೆ. ಅವನು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ ಅನ್ನುವ ಒಪ್ಪಿಗೆ) ತೆಗೆದುಕೊಂಡೇ ಹತ್ತಿರುತ್ತಾನೆ, ನಿಮ್ಮ ಡಿಜಿ ಲೈನಿಗೆ ಸೇರಿದೆ ಅಂತ ಸಬ್‌ಸ್ಟೇಷನ್ನಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಚೇಂಜ್ ಓವರ್ ನಾಲ್ಕು ಪೋಲಿನದಾಗಿರಲಿ, ನ್ಯೂಟ್ರಲ್ಲೂ ಬದಲಾಗಬೇಕು. ಲೈನ್, ಆಫ್, ಡಿಜಿ ಅಂತ ಮೂರು ಜಾಗ ಇದ್ದು ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದ ಹಾಗೆ ಒಳಗೆ ಕಬ್ಬಿಣದ ತಡೆ ಇರುತ್ತದೆ. ಎರಡು ಎಂಸಿಸಿಬಿ ಅಕ್ಕಪಕ್ಕ ಇಟ್ಟು "ಒಂದನ್ನು ಆಫ್ ಮಾಡಿ ಇನ್ನೊಂದು ಆನ್ ಮಾಡಿ" ಅಂತ ಬೋರ್ಡ್ ಹಾಕಿದ್ದರೆ ಅದು ಚೇಂಜ್ ಓವರ್ ಅಲ್ಲ. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿ ಸಾಕೆಟ್ಟಿಗೆ ಚುಚ್ಚಿ ಸಣ್ಣ ಜನರೇಟರಿನಿಂದ ಕೆಲಸದವರ ಲೈನ್ ಮನೆಗಳಿಗೆ ದೀಪ ಕೊಡುವವರೂ ಇದ್ದಾರೆ, ಅಂಥದ್ದು ನಿಮ್ಮಲ್ಲಿ ಇದ್ದರೆ ಇವತ್ತೇ ಕತ್ತರಿಸಿ ಹಾಕಿ.

ಟಿಸಿ ಕಂಬಕ್ಕೆ ಬರೋಣ. ಮೇಲಿರುವುದು ಜಿಒಎಸ್ (ಗ್ಯಾಂಗ್ ಆಪರೇಟೆಡ್ ಸ್ವಿಚ್), ಕೆಳಗಿನ ಹಿಡಿ ಎಳೆದರೆ ಮೂರೂ ಬ್ಲೇಡು ಒಟ್ಟಿಗೆ ಬಯಲಲ್ಲಿ ತೆರೆದುಕೊಳ್ಳುತ್ತವೆ. ಇದು ಅಪ್ಪಟ ಐಸೋಲೇಟರ್. ಆರ್ಕ್ ಆರಿಸುವ ವ್ಯವಸ್ಥೆ ಏನೂ ಇಲ್ಲ. ಕೆಳಗೆ ನಿಮ್ಮ ಹಲ್ಲರ್ ಓಡುವಾಗ ಇದನ್ನು ಎಳೆದರೆ 11 ಕೆವಿಯ ಆರ್ಕ್ ಬ್ಲೇಡಿನ ಜೊತೆಗೇ ಉದ್ದವಾಗುತ್ತಾ ಹೋಗಿ ಪಕ್ಕದ ಫೇಸಿಗೆ ಹಾರಬಹುದು, ಹಿಡಿ ಹಿಡಿದವನು ಅದರ ಕೆಳಗೇ ನಿಂತಿರುತ್ತಾನೆ. ಇಲಾಖೆಯವರು ಮೊದಲು ಕೆಳಗಿನ ಎಲ್‌ಟಿ (415 ವೋಲ್ಟಿನ ಕಡೆಯ) ಲೋಡ್ ತೆಗೆದು, ಆಮೇಲೆ ಜಿಒಎಸ್ ತೆರೆದು, ಬ್ಲೇಡು ಮೂರೂ ಬಿಟ್ಟಿವೆಯಾ ಅಂತ ಕಣ್ಣಿನಿಂದ ನೋಡಿ, ಅರ್ತ್ ರಾಡ್ ಹಾಕಿ ಕೆಲಸ ಮಾಡುತ್ತಾರೆ. ಹಾಕುವಾಗ ಉಲ್ಟಾ ಕ್ರಮ. ಮಳೆಗೆ ತುಕ್ಕು ಹಿಡಿದು ಒಂದು ಬ್ಲೇಡು ಬಿಡದೇ ಉಳಿಯುವುದುಂಟು, ಅದಕ್ಕೇ ಕಣ್ಣಿನಿಂದ ನೋಡುವುದು. ತುರ್ತಾದರೆ ನೀವು ನಿಮ್ಮ ಮೇನ್ ಸ್ವಿಚ್ ಇಳಿಸಿ, ಸೆಕ್ಷನ್ ಆಫೀಸಿಗೆ ಫೋನ್ ಮಾಡಿ. ಅಷ್ಟೇ ನಿಮ್ಮ ಪಾಲಿನ ಕೆಲಸ.

ದುಡ್ಡಿನ ಲೆಕ್ಕದಲ್ಲಿ ಎಲ್ಲ ಒಟ್ಟಿಗೆ ಆಗದಿದ್ದರೆ, ಚೇಂಜ್ ಓವರ್ ಸರಿ ಇದೆಯಾ ಅಂತ ಮೊದಲು ನೋಡಿ. ಆಮೇಲೆ ಹಲ್ಲರ್, ಅದರ ಹಿಂದೆಯೇ ಎರಡೂ ಎಲಿವೇಟರ್, ಕೈ ಹಾಕುವ ಪ್ರಸಂಗ ಜಾಸ್ತಿ ಬರುವುದು ಅಲ್ಲೇ. ಡಿಸ್ಟೋನರ್, ಗ್ರೇಡರ್ ಮುಂದಿನ ಸೀಸನ್ನಿಗೆ ಇಟ್ಟುಕೊಳ್ಳಬಹುದು, ಅಲ್ಲಿಯ ತನಕ ಅವುಗಳ ಎಂಸಿಸಿಬಿಗೆ ಬೀಗದ ಹಿಡಿ ಹಾಕಿಸಿ.

ಕೆರೆ ಪಂಪಿಗೂ ಒಂದು ಬೇಕು, ಆಟೋ ಸ್ಟಾರ್ಟರ್ ಇದ್ದರಂತೂ ಖಂಡಿತ. ಡಬ್ಬ ಐಪಿ65 (ಧೂಳು, ನೀರು ಹೊಗದ ದರ್ಜೆ) ಆಗಿರಲಿ, ಕೇಬಲ್ ಕೆಳಗಿನಿಂದಲೇ ಒಳಗೆ ಹೋಗಲಿ, ಗ್ಲ್ಯಾಂಡ್ ಬಿಗಿ ಮಾಡಿ. ಮೇಲಿನಿಂದ ತೂತು ಕೊರೆದರೆ ಐಪಿ65 ಅನ್ನುವುದು ಬರೀ ಅಕ್ಷರ, ಜೂನ್ ಬರುವಷ್ಟರಲ್ಲಿ ನೀರು ಒಳಗೆ. ಕಬ್ಬಿಣದ ಡಬ್ಬವಾದರೆ ಅದಕ್ಕೆ ಅರ್ತ್ ಕೊಡಿ, ಅರ್ತ್ ವೈರನ್ನು ಯಾವ ಸ್ವಿಚ್ಚಿನ ಮೂಲಕವೂ ಹಾಯಿಸಬೇಡಿ. ಕೇಬಲ್ ಅಲ್ಯೂಮಿನಿಯಮ್ ಆಗಿದ್ದರೆ ಸರಿಯಾದ ಲಗ್ ಹಾಕಿಸಿ, ಬರೀ ತಂತಿ ತುರುಕಿದರೆ ನಮ್ಮ ತೇವಕ್ಕೆ ಕಪ್ಪಾಗಿ ಬಿಸಿಯಾಗುತ್ತದೆ. ಹೂಮಳೆ ಕೈಕೊಟ್ಟಾಗ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಓಡಿಸಿ, ಉಳಿದ ತಿಂಗಳು ಈ ಪಂಪ್ ಮಲಗಿಯೇ ಇರುತ್ತದೆ. ಅಷ್ಟು ದಿನ ಸುಮ್ಮನಿದ್ದ ಕಾಂಟ್ಯಾಕ್ಟಿನ ಮೇಲೆ ಪದರ ಕಟ್ಟುತ್ತದೆ. ಜನವರಿಯಲ್ಲೇ ಒಂದು ದಿನ ಮೇನ್ ಆಫ್ ಮಾಡಿ ಐಸೋಲೇಟರಿನ ಹಿಡಿಯನ್ನು ಹತ್ತು ಸಲ ತಿರುಗಿಸಿ ಬಿಡಿ, ಕಾಂಟ್ಯಾಕ್ಟ್ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ. ಹಿಡಿ ಬಿಗಿಯಾಗಿ ಕೂತು ತಿರುಗದಿದ್ದರೆ ಎಣ್ಣೆ ಬಿಡಬೇಡಿ, ಬದಲಿಸಿ.